ಮಾವನ ಗಡ್ಡದ ಬ್ರಷ್ಷು

ಮಾವನಿಗೆ ಲಕ್ವ ಹೊಡೆದ ವರ್ಷ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಬಾಟಲಿ ಮುಚ್ಚಳ ನೋಡುವ ಕೆಲಸದಲ್ಲಿದ್ದೆ. ನೋಡುವ ಕೆಲಸ ಎಂದರೆ ನೋಡುವುದೇ. ಬೆಲ್ಟಿನ ಮೇಲೆ ಸಾಲಾಗಿ ಬರುವ ಮುಚ್ಚಳಗಳಲ್ಲಿ ಅಂಚು ಮುರಿದದ್ದು, ಬಣ್ಣ ಕಲೆಸಿಕೊಂಡದ್ದು ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಈಗಲೂ ಅಲ್ಲೇ ಇದ್ದೇನೆ. ಮರಳವಾಡಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರಿಂದ ಫ್ಯಾಕ್ಟರಿ ಬಸ್ಸೇ ಬಂದು ಕರೆದುಕೊಂಡು ಹೋಗುತ್ತದೆ. ನನ್ನ ಗಂಡ ಇನ್ನೊಂದು ಫ್ಯಾಕ್ಟರಿಯ ಅಂಥದೇ ಬಸ್ಸಿನ ಡ್ರೈವರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಮಾವ.

ಮಾವ ಊರಿನ ಹಾಲಿನ ಡೇರಿಗೆ ಸುಮಾರು ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ಬೆಳಿಗ್ಗೆ ಆರಕ್ಕೆಲ್ಲ ಜನ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಆ ಹೊತ್ತಿಗೆ ಯಾವ ಕ್ಷೌರಿಕ ಎದ್ದಿರುತ್ತಾನೆ? ಹಾಗಾಗಿ ಬುಧವಾರ ಮತ್ತು ಭಾನುವಾರ, ವಾರಕ್ಕೆ ಎರಡು ಸಲ, ಜಗಲಿಯ ಕಂಬದ ಮೊಳೆಗೆ ಕನ್ನಡಿ ನೇತುಹಾಕಿ ತಮ್ಮ ಗಡ್ಡ ತಾವೇ ಮಾಡಿಕೊಳ್ಳುತ್ತಿದ್ದರು. ಡೇರಿ ಬಿಟ್ಟ ಮೇಲೂ ಆ ಅಭ್ಯಾಸ ಹಾಗೇ ಉಳಿಯಿತು. ನಾನು ಈ ಮನೆಗೆ ಬಂದ ಮೊದಲ ವಾರದಿಂದ ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಂದು ಜಗಲಿಯ ಅಂಚಿಗೆ ಇಟ್ಟು ಒಳಗೆ ಹೋಗುತ್ತಿದ್ದೆ. ಹದಿನೇಳು ವರ್ಷ ಆ ನೀರು ಇಟ್ಟಿದ್ದೇನೆ. ಅವರು ಗಡ್ಡ ಮಾಡಿಕೊಳ್ಳುವುದನ್ನು ಒಂದು ಸಲವೂ ನಿಂತು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ಕೂರುವ ಪದ್ಧತಿ ಇರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಆದರೂ ಇರಲಿಲ್ಲ.

ಒಂದು ದಿನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ಯುತ್ತ ಕುಯ್ಯುತ್ತ ಅವರು ಕುಕ್ಕರುಗಾಲಲ್ಲಿ ಕೂತವರು ಏಳಲಿಲ್ಲ. ಮೊದಲು ಕನಕಪುರದ ಆಸ್ಪತ್ರೆ, ಅಲ್ಲಿಂದ ಬೆಂಗಳೂರು. ಇಪ್ಪತ್ತು ದಿನದ ಮೇಲೆ ಮನೆಗೆ ಕರೆತಂದಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಬಾಯಿ ಒಂದು ಕಡೆಗೆ ಜಾರಿತ್ತು. ಬುದ್ಧಿ ಚೆನ್ನಾಗಿತ್ತು. ಮಾತು ಮಾತ್ರ ಹೋಗಿತ್ತು. ಸ್ಪಷ್ಟವಾಗಿ ಬರುತ್ತಿದ್ದದ್ದು ಎರಡೇ ಶಬ್ದ, "ಐತೆ" ಮತ್ತು "ಬ್ಯಾಡ". ಎಲ್ಲವನ್ನೂ ಅವೆರಡರಲ್ಲೇ ಹೇಳಬೇಕಿತ್ತು.

ಆಸ್ಪತ್ರೆಯಲ್ಲಿ ಬೆಳೆದ ಗಡ್ಡವನ್ನು ನನ್ನ ಗಂಡ ಮೊದಲೆರಡು ವಾರ ತೆಗೆದರು. ಅಷ್ಟರಲ್ಲಿ ಅವರ ಬಸ್ಸಿನ ಪಾಳಿ ಬದಲಾಯಿತು. ನಸುಕಿನಲ್ಲೇ ಹೊರಡಬೇಕು, ವಾರದ ರಜೆಯೂ ಇಂಥದೇ ದಿನ ಎಂದು ಇರಲಿಲ್ಲ. ಊರಿನ ಕ್ಷೌರಿಕನನ್ನು ಮನೆಗೆ ಕರೆಸಿದೆವು. ಒಳ್ಳೆಯ ಮನುಷ್ಯ, ಕೈ ಹಗುರ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಎಂಥಾ ಯಜಮಾನರು, ಹೀಗಾಗಿಬಿಟ್ಟರಲ್ಲ ಎಂದು ಶುರುಮಾಡಿದವನು, ಯಾರ ಯಾರ ಮನೆಯಲ್ಲಿ ಯಾರ ಯಾರಿಗೆ ಲಕ್ವ ಹೊಡೆಯಿತು, ಎಷ್ಟು ದಿನ ಬದುಕಿದರು ಎಂಬುದನ್ನೆಲ್ಲ ಗಡ್ಡ ಮುಗಿಯುವವರೆಗೆ ಹೇಳಿದ. ಮುಂದಿನ ವಾರ ಅವನು ಬಂದಾಗ ಮಾವ ಗೋಡೆಯ ಕಡೆಗೆ ತಿರುಗಿ ಮಲಗಿ "ಬ್ಯಾಡ" ಎಂದರು. ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲ.

ಗಡ್ಡ ಬೆಳೆಯಿತು. ಬಿಳಿ ಗಡ್ಡ, ಒತ್ತಾಗಿ. ಅವರ ಎಡಗೈ ದಿನವಿಡೀ ಗದ್ದದ ಮೇಲೆಯೇ ಓಡಾಡುತ್ತಿತ್ತು. ನೋಡಲು ಬಂದವರು ಒಳಗೆ ಕಾಲಿಟ್ಟರೆ ಟವೆಲ್ಲನ್ನು ಎಳೆದು ಬಾಯಿಯವರೆಗೆ ಹೊದ್ದುಕೊಳ್ಳುತ್ತಿದ್ದರು. ಅವರು ಮುಚ್ಚಿಕೊಳ್ಳುತ್ತಿರುವುದು ಸೊಟ್ಟ ಬಾಯನ್ನು ಎಂದು ನಾನು ಮೊದಲು ತಿಳಿದಿದ್ದೆ. ಒಂದು ದಿನ ಅತ್ತೆ ಅಡುಗೆಮನೆಯಲ್ಲಿ ಹೇಳಿದರು.

"ಅದು ಬಾಯಿಗಲ್ಲ ಕಣವ್ವ, ಗಡ್ಡಕ್ಕೆ. ಗಡ್ಡ ಬುಟ್ಕಂಡು ಅವರು ಒಬ್ರ ಮುಂದೂ ನಿಂತವ್ರಲ್ಲ. ನಾನೇ ಮಾಡಾನ ಅಂದ್ರೆ ನನ್ ಕೈ ನಡುಗ್ತದೆ. ನಾನು ಬ್ಲೇಡ್ ಹಿಡುದ್ರೆ ಅವರ ಕಿವಿನೇ ಹೋಯ್ತದೆ."

ನಾನು ಮಾಡಲೇ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಭಯವಾಯಿತು. ಆ ಭಾನುವಾರ ಬೆಳಿಗ್ಗೆ ಅತ್ತೆ ಬಿಸಿನೀರಿನ ಚೊಂಬನ್ನು ತಾವೇ ತಂದು ಮಾವನ ಕುರ್ಚಿಯ ಪಕ್ಕ ಇಟ್ಟು, ಸಾಬೂನಿನ ಬಟ್ಟಲು, ರೇಜರು, ಬ್ರಷ್ಷು ಜೋಡಿಸಿ, ನನ್ನನ್ನು ಕೂಗಿ ಒಳಗೆ ಹೋದರು.

ಮಾವ ನನ್ನನ್ನು ನೋಡಿದರು. ಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಗದ್ದ ಸ್ವಲ್ಪ ಮೇಲೆತ್ತಿದರು.

ಆ ಬ್ರಷ್ಷನ್ನು ನಾನು ಕೈಗೆ ತೆಗೆದುಕೊಂಡದ್ದು ಅಂದೇ ಮೊದಲು. ಮರದ ಹಿಡಿ, ಕೆಂಪು ಬಣ್ಣ. ಬೆರಳು ಹಿಡಿಯುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಕೂದಲು ಹಳದಿಗೆ ತಿರುಗಿ, ತುದಿ ಅಗಲವಾಗಿ ಅರಳಿಕೊಂಡಿತ್ತು. ಬಿಸಿನೀರಿನಲ್ಲಿ ಅದ್ದಿ ಸಾಬೂನಿನ ಮೇಲೆ ತಿರುಗಿಸಿದರೆ ಒಳ್ಳೆಯ ನೊರೆ ಬಂತು. ನೊರೆಯ ಜೊತೆಗೆ ಕೂದಲೂ ಬಂತು. ಕೆನ್ನೆಗೆ ಹಚ್ಚುವಷ್ಟರಲ್ಲಿ ನಾಲ್ಕೈದು ಕೂದಲು ನೊರೆಯಲ್ಲಿ ಅಡ್ಡಡ್ಡ ಬಿದ್ದಿದ್ದವು. ಹಳೆಯ ಬ್ರಷ್ಷು, ಇರಲಿ ಎಂದುಕೊಂಡು ರೇಜರು ಎತ್ತಿಕೊಂಡೆ.

ರೇಜರು ಎಣಿಸಿದಷ್ಟು ಕಷ್ಟವಾಗಲಿಲ್ಲ. ದಿನಾ ಸಾವಿರಾರು ಮುಚ್ಚಳದ ಅಂಚು ನೋಡುವವಳಿಗೆ ಒಂದು ದವಡೆಯ ಅಂಚು ನೋಡುವುದು ಬರುತ್ತದೆ. ಕಷ್ಟವಾದದ್ದು ಕೂದಲಿನದು. ಮುಖವೆಲ್ಲ ಮುಗಿದ ಮೇಲೆ ಒಂದು ಕೂದಲು ಅವರ ಬಾಯಿಯ ಜಾರಿದ ಮೂಲೆಗೆ ಅಂಟಿಕೊಂಡಿತ್ತು. ಅದು ಅವರಿಗೆ ಗೊತ್ತಾಯಿತು. ಎಡಗೈ ಎತ್ತಿ ಒರೆಸಿಕೊಳ್ಳಲು ನೋಡಿದರು, ನೊರೆ ಹರಡಿತೇ ಹೊರತು ಕೂದಲು ಹೋಗಲಿಲ್ಲ. ಎರಡನೇ ಸಲ ನೋಡಿದರು. ಬಟ್ಟೆಯಿಂದ ಒರೆಸಿದೆ, ಆಗಲೂ ಹೋಗಲಿಲ್ಲ. ಕೊನೆಗೆ ನಾನು ನನ್ನ ಬೆರಳಿನ ಉಗುರಿನಿಂದ ಅವರ ತುಟಿಯ ಅಂಚಿನಿಂದ ಅದನ್ನು ಕಿತ್ತು ತೆಗೆಯಬೇಕಾಯಿತು. ಅಷ್ಟು ಹೊತ್ತು ರೇಜರು ಹಿಡಿದಿದ್ದ ಕೈಗೆ ಆಗದ ಸಂಕೋಚ ಆ ಒಂದು ಬೆರಳಿಗೆ ಆಯಿತು. ಅವರ ಕಣ್ಣಿನ ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡಿತು. ನಾನು ನೀರು ಚೆಲ್ಲುವ ನೆಪದಲ್ಲಿ ಅಲ್ಲಿಂದ ಹೋದೆ.

ಆದರೂ ಆ ಮಧ್ಯಾಹ್ನ ಡೇರಿಯ ಹಳೆಯ ಸ್ನೇಹಿತರೊಬ್ಬರು ಬಂದಾಗ ಮಾವ ಟವೆಲ್ಲನ್ನು ಎಳೆದುಕೊಳ್ಳಲಿಲ್ಲ.

ಹಾಗೆ ಬುಧವಾರ, ಭಾನುವಾರ ನನ್ನ ಕೆಲಸವಾಯಿತು. ಬುಧವಾರ ಫ್ಯಾಕ್ಟರಿ ಬಸ್ಸು ಬರುವ ಮುಂಚೆ, ಭಾನುವಾರ ನಿಧಾನವಾಗಿ. ವಾರದಿಂದ ವಾರಕ್ಕೆ ಬ್ರಷ್ಷಿನ ಕೂದಲು ಹೆಚ್ಚು ಹೆಚ್ಚು ಉದುರಿತು. ಬಳಸುವ ಮುಂಚೆ ಕೊಡವಿ, ಬೆರಳಿನಿಂದ ಎಳೆದು ಸಡಿಲವಾದದ್ದನ್ನೆಲ್ಲ ತೆಗೆದೇ ಶುರುಮಾಡುತ್ತಿದ್ದೆ. ಎಳೆದಾಗ ಗಟ್ಟಿಯಾಗಿರುವ ಕೂದಲು ಬಿಸಿನೀರಿಗೆ ಬಿದ್ದ ಮೇಲೆ ಸಡಿಲವಾಗುತ್ತಿತ್ತು. ಪ್ರತಿ ಸಲವೂ ಕೊನೆಗೆ ಬೆರಳು ಹಾಕಲೇಬೇಕು. ಕೆನ್ನೆಯ ಮೇಲಿನದಾದರೆ ಪರವಾಗಿಲ್ಲ. ತುಟಿ, ಮೂಗಿನ ಕೆಳಗೆ ಬಂದರೆ ಇಬ್ಬರಿಗೂ ಮುಜುಗರ.

ಒಂದು ಬುಧವಾರ ಒಂದು ಕೂದಲು ಅವರ ಬಾಯಿಯ ಒಳಗೇ ಹೋಯಿತು. ಲಕ್ವ ಹೊಡೆದ ಮೇಲೆ ಅವರಿಗೆ ನೀರು ನುಂಗುವುದೇ ಕಷ್ಟವಿತ್ತು. ಕೂದಲು ಗಂಟಲಿಗೆ ಹತ್ತಿ ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ನಾನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ತಟ್ಟಿದೆ. ಅತ್ತೆ ಓಡಿ ಬಂದು ಎದೆ ನೀವಿದರು. ಸ್ವಲ್ಪ ಹೊತ್ತಿನ ಮೇಲೆ ಉಗುಳಿನ ಜೊತೆ ಅದು ಹೊರಗೆ ಬಂತು. ಅರ್ಧ ಬೆರಳಿನಷ್ಟು ಉದ್ದದ ಒಂದು ಕೂದಲು. ಅಂದು ನಾನು ಬಸ್ಸು ತಪ್ಪಿಸಿಕೊಂಡೆ, ರಜೆ ಹಾಕಿದೆ. ಈ ಬ್ರಷ್ಷು ಇನ್ನು ಈ ಮನೆಯಲ್ಲಿ ಇರಬಾರದು ಎಂದು ತೀರ್ಮಾನಿಸಿದೆ.

ಸಂಜೆ ಗಂಡ ಹಾರೋಹಳ್ಳಿಯಿಂದ ನೊರೆ ಬರುವ ಡಬ್ಬ ತಂದರು. ಒತ್ತಿದರೆ ಮೊಸರಿನ ಹಾಗೆ ನೊರೆ ಕೈಗೆ ಬೀಳುತ್ತದೆ, ಬ್ರಷ್ಷೇ ಬೇಡ. ಭಾನುವಾರ ಅದನ್ನು ಅಂಗೈಗೆ ಹಾಕಿಕೊಂಡು ಮಾವನ ಕೆನ್ನೆಯ ಹತ್ತಿರ ತಂದೆ. ಅವರು ಮುಖ ಹಿಂದಕ್ಕೆ ತೆಗೆದುಕೊಂಡು "ಬ್ಯಾಡ" ಎಂದರು. ಗಂಡ ಸಮಾಧಾನ ಹೇಳಿದರು, ಸ್ವಲ್ಪ ಗದರಿದರು. ಬೇಡವೆಂದರೆ ಬೇಡ. ಮರುವಾರ ಪ್ಲಾಸ್ಟಿಕ್ ಹಿಡಿಯ ಹೊಸ ಬ್ರಷ್ಷು ಬಂತು. ಮಾವ ಅದನ್ನು ಎಡಗೈಯಲ್ಲಿ ಹಿಡಿಯಲು ನೋಡಿದರು. ಸಣ್ಣ ನುಣುಪು ಹಿಡಿ ಬೆರಳ ಸಂದಿನಿಂದ ಜಾರಿ ಕೆಳಗೆ ಬಿತ್ತು. ಮತ್ತೆ ಎತ್ತಿ ಕೊಟ್ಟೆ, ಮತ್ತೆ ಬಿತ್ತು. ಅದೂ ಬೇಡವಾಯಿತು. ಅಪ್ಪನದು ಬರೀ ಹಠ ಎಂದು ನನ್ನ ಗಂಡ ಹೊರಗೆ ಹೋದರು.

ನನಗೂ ಆಗ ಹಠವೆಂದೇ ಕಂಡಿತ್ತು. ಅತ್ತೆ ಮಾತ್ರ ಹಳೆಯದನ್ನು ನೆನೆದರು. ಡೇರಿ ಶುರುವಾಗುವ ಹಿಂದಿನ ದಿನ ಮಾವ ಕನಕಪುರಕ್ಕೆ ಹೋಗಿ ಆ ಬ್ರಷ್ಷು ತಂದರಂತೆ. ಬೇರೆ ಏನೂ ತರಲಿಲ್ಲ, ಅಂಗಿ ಕೂಡ ಹಳೆಯದೇ. ಮದುವೆಯಲ್ಲಿ ಕೂಡ ಅಷ್ಟು ಹೊತ್ತು ಕನ್ನಡಿ ನೋಡಿಕೊಂಡವರಲ್ಲ ಎಂದು ಹೇಳಿ ಅತ್ತೆ ನಕ್ಕರು. ಅವರು ನಕ್ಕದ್ದು ನೋಡಿ ನಾನು ಆ ಬ್ರಷ್ಷನ್ನು ಎಸೆಯುವ ಮಾತು ಬಿಟ್ಟೆ. ಆದರೆ ರಿಪೇರಿ ಮಾಡದೆ ಅವರ ಮುಖದ ಹತ್ತಿರ ಒಯ್ಯುವುದಿಲ್ಲ ಎಂದು ಹೇಳಿದೆ.

ರಿಪೇರಿಯೆಂದರೆ ಏನೆಂದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ, ಕ್ಷಣದಲ್ಲಿ ಅಂಟುವ ಗಮ್ಮನ್ನು ತಂದು ಕೂದಲಿನ ಬುಡಕ್ಕೆ ಬಿಟ್ಟೆ. ಅದು ಬುಡದಲ್ಲಿ ನಿಲ್ಲದೆ ಕೂದಲು ಹಿಡಿದು ಮೇಲಕ್ಕೆ ಹತ್ತಿತು. ಮಾರನೆಯ ದಿನ ನೋಡಿದರೆ ಬ್ರಷ್ಷಿನ ಒಂದು ಪಕ್ಕ ತೆಂಗಿನ ಕಡ್ಡಿ ಪೊರಕೆಯ ಹಾಗೆ ಗಟ್ಟಿಯಾಗಿತ್ತು. ಕತ್ತರಿಯಿಂದ ಅಷ್ಟನ್ನು ಕತ್ತರಿಸಿ ತೆಗೆದೆ. ನೀರಿಗೆ ಅದ್ದಿ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕೂದಲಿನ ಕಟ್ಟು ಪೂರ್ತಿಯಾಗಿ ಹಿಡಿಯಿಂದ ಕಳಚಿ ಬಟ್ಟಲಿಗೆ ಬಿತ್ತು. ಹಿಡಿಯ ಬಾಯಿ ಉದ್ದಕ್ಕೂ ಸೀಳಿತ್ತು. ವರ್ಷಗಟ್ಟಲೆ ನೀರು ಕುಡಿದು ಕುಡಿದು ಮರ ಒಳಗೇ ಕೊಳೆತಿತ್ತು. ಕೂದಲು ಉದುರುತ್ತಿದ್ದದ್ದು ಅದಕ್ಕೇ, ಹಿಡಿದುಕೊಳ್ಳಲು ಒಳಗೆ ಏನೂ ಉಳಿದಿರಲಿಲ್ಲ.

ಆ ತಿಂಗಳು ಚನ್ನಪಟ್ಟಣದಲ್ಲಿ ನನ್ನ ಅಕ್ಕನ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಹಿಡಿಯನ್ನೂ ಕೂದಲಿನ ಕಟ್ಟನ್ನೂ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದೆ. ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಬೊಂಬೆ ಕಡೆಯುವ ಒಬ್ಬ ಸಾಹೇಬರ ಶೆಡ್ಡಿದೆ. ಅರವತ್ತು ದಾಟಿದ ಮನುಷ್ಯ, ನೀಟಾಗಿ ಕತ್ತರಿಸಿದ ಬಿಳಿ ಗಡ್ಡ. ಊಟ ಮುಗಿಸಿ ಅಲ್ಲಿಗೆ ಹೋದಾಗ ಅವರು ಲೇತಿನ ಮುಂದೆ ಕೂತು ಬುಗುರಿಗಳಿಗೆ ಹಸಿರು ಅರಗು ಹಚ್ಚುತ್ತಿದ್ದರು. ನಾನು ಪೇಪರು ಬಿಚ್ಚಿ ಅವರ ಹಲಗೆಯ ಮೇಲೆ ಎಲ್ಲವನ್ನೂ ಇಟ್ಟು, ಇದಕ್ಕೊಂದು ಹಿಡಿ ಕಡೆದು ಕೂರಿಸಿಕೊಡಬೇಕು ಎಂದೆ.

ಅವರು ಲೇತು ನಿಲ್ಲಿಸಿ ನೋಡಿದರು. ಮುಟ್ಟಲಿಲ್ಲ.

"ಇದು ಯಾವ ಕೂದ್ಲಮ್ಮ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವರು ಮೆಲ್ಲಗೆ, ಬೇಸರವಿಲ್ಲದೆ, ಹಳೆಯ ಕಾಲದ ಇಂಥ ಬ್ರಷ್ಷುಗಳಲ್ಲಿ ಬಹಳಷ್ಟು ಹಂದಿ ಕೂದಲಿನವು ಇರುತ್ತವೆ, ತಾವು ಅದನ್ನು ಮುಟ್ಟುವುದಿಲ್ಲ ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ಕೂತು ಕೆಲಸ ಮಾಡುವ ಹಲಗೆಯ ಮೇಲೆ ಅದನ್ನು ಹರವಿದ್ದೆ. ಗಡಿಬಿಡಿಯಲ್ಲಿ ಬಾಚಿ ಪೇಪರಿಗೆ ಹಾಕಿಕೊಂಡು, ತಪ್ಪಾಯಿತು ಎಂದು ಏಳಲು ಹೋದೆ.

"ಕೂತ್ಕಳಿ. ತಿಳ್ದು ಮಾಡ್ಲಿಲ್ವಲ್ಲ ನೀವು," ಎಂದರು. "ಹಿಡಿ ನಾನು ಮಾಡ್ಕೊಡ್ತೀನಿ. ಕೂದ್ಲು ಕೂರ್ಸೋದು ನೀವೇ ಮಾಡ್ಕಳಿ. ಯಾರ್ಗೆ ಇದು?"

ಹೇಳಿದೆ. ಲಕ್ವ, ಬಲಗೈ, ಹೊಸ ಬ್ರಷ್ಷು ಜಾರಿ ಬಿದ್ದದ್ದು, ಎಲ್ಲವನ್ನೂ. ಕೂದಲಿನ ಕಟ್ಟಿನ ಸುತ್ತಳತೆಯನ್ನು ನಾನೇ ದಾರದಿಂದ ಅಳೆದು ದಾರವನ್ನು ಮಾತ್ರ ಅವರಿಗೆ ಕೊಟ್ಟೆ. ಅವರು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆದುಕೊಂಡು ಬಂದು, ಬೊಂಬೆಗೆ ಬಳಸುವ ಬಿಳಿಯ ಆಲೆ ಮರದ ಒಂದು ತುಂಡು ಆರಿಸಿದರು. ಹಳೆಯ ಹಿಡಿಗಿಂತ ಎರಡು ಪಟ್ಟು ದಪ್ಪವಿತ್ತು. ಇಷ್ಟು ದಪ್ಪ ಬೇಡವೇನೋ ಎಂದೆ.

"ಎಡಗೈ ಎಷ್ಟು ಬಿಗಿಯಾಗ್ತದೆ ಅವ್ರದ್ದು?"

ನಾನು ನನ್ನ ಕೈಯನ್ನೇ ಅರ್ಧ ಮುಚ್ಚಿ ತೋರಿಸಿದೆ. ಲೋಟ ಹಿಡಿಯುತ್ತಾರೆ, ಪೆನ್ನು ಹಿಡಿಯಲಾರರು ಎಂದೆ.

"ಅಂಗಾದ್ರೆ ದಪ್ಪನೇ ಇರ್ಬೇಕು. ಕೂಸಿಗೆ ಗಿಲಕಿ ಮಾಡ್ತೀವಲ್ಲ, ಹಿಡಿ ದಪ್ಪ ಇಡ್ತೀವಿ. ಸಣ್ಣದು ಹಿಡಿಯಕ್ಕೆ ಕೈಗೆ ಶಕ್ತಿ ಬೇಕು. ದಪ್ಪದ್ದು ಕೈಯಲ್ಲಿ ತಾನೇ ನಿಂತ್ಕತದೆ."

ನಾನು ಅದುವರೆಗೆ ಬ್ರಷ್ಷು ಹಿಡಿಯುವವಳು ನಾನು ಎಂದುಕೊಂಡಿದ್ದೆ. ಅದನ್ನು ಮಾವ ಹಿಡಿಯಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಹೊಸ ಬ್ರಷ್ಷನ್ನು ಅವರು ಎರಡು ಸಲ ಹಿಡಿಯಲು ನೋಡಿದ್ದು ಯಾಕೆ ಎಂದು ಆ ಶೆಡ್ಡಿನಲ್ಲಿ, ಲೇತಿನ ಸದ್ದಿನ ನಡುವೆ ನನಗೆ ಹೊಳೆಯಿತು. ಅವರು ಬೇಡ ಎಂದದ್ದು ಬ್ರಷ್ಷಿಗಲ್ಲ. ನನ್ನ ಅಂಗೈ, ನನ್ನ ಬೆರಳು ಅವರ ಮುಖದ ಮೇಲೆ ಬರುವುದು ಬೇಡವಾಗಿತ್ತು. ಅದು ನನಗೂ ಬೇಡವಾಗಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಾಹೇಬರು ಉಳಿ ಹಿಡಿದು ಮರವನ್ನು ನಡುವೆ ಉಬ್ಬಿಸಿ, ಬೆರಳು ಕೂರಲು ಮೂರು ಗೆರೆ ತೆಗೆದು, ತಳ ಅಗಲ ಮಾಡಿದರು. ಮೇಲೆ ದಾರದ ಅಳತೆಗೆ ಸರಿಯಾಗಿ ತೂತು ಕೊರೆದರು. ಬಣ್ಣ ಕೇಳಿದಾಗ ಕೆಂಪು ಎಂದೆ. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಕರಗಿ ಹರಡಿತು, ತಾಳೆಗರಿಯಿಂದ ಉಜ್ಜಿದರೆ ಹೊಳೆಯಿತು. ಕೂದಲು ಕೂರಿಸಲು ಒಂದು ತುಂಡು ಅರಗನ್ನೂ ಕೊಟ್ಟು, ಕರಗಿಸಿ ತೂತಿಗೆ ಬಿಟ್ಟು ಅದರೊಳಗೆ ಕಟ್ಟನ್ನು ಒತ್ತಿ ಎಂದು ಹೇಳಿಕೊಟ್ಟರು. ರಾಮನಗರಕ್ಕೆ, ಅಲ್ಲಿಂದ ಕನಕಪುರಕ್ಕೆ ಬಸ್ಸು ಬದಲಿಸಿ ಮನೆಗೆ ಬರುವವರೆಗೂ ಆ ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರೆಲ್ಲ ಇದು ಯಾವ ಬೊಂಬೆ ಎಂದು ಕೇಳಿದರು.

ಅವರು ಹೇಳಿದಂತೆಯೇ ಕೂರಿಸಿದೆ. ಕಟ್ಟು ಭದ್ರವಾಗಿ ನಿಂತಿತು. ಮಾವನ ಕೈಗೆ ಕೊಟ್ಟೆ. ಬೀಳಲಿಲ್ಲ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮೂರು ಗೆರೆಯ ಮೇಲೆ ಬೆರಳು ಇಟ್ಟು ನೋಡಿದರು. "ಐತೆ" ಎಂದರು. ಚೆನ್ನಾಗಿದೆ ಎನ್ನಲೂ ಅವರಿಗೆ ಅದೇ ಮಾತು.

ಭಾನುವಾರ ನಾನು ಎಂದಿನಂತೆ ಹಂಡೆಯಿಂದ ಹಬೆಯಾಡುವ ನೀರು ತಂದಿಟ್ಟೆ. ಮಾವ ತಾವೇ ಬ್ರಷ್ಷನ್ನು ಚೊಂಬಿಗೆ ಅದ್ದಿದರು, ಹಿಡಿಯ ಸಮೇತ. ನಾನು ತಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಕೈಗೆ ಬಂದದ್ದು ಹಿಡಿ ಮಾತ್ರ. ಕೂದಲಿನ ಕಟ್ಟು ಚೊಂಬಿನಲ್ಲಿ ತೇಲುತ್ತಿತ್ತು. ಅರಗು ಬಿಸಿನೀರಿಗೆ ಮೆತ್ತಗಾಗಿತ್ತು. ಹಿಡಿಯ ಬಣ್ಣವೂ ಅಂಟಂಟಾಗಿ ಅವರ ಅಂಗೈಗೆಲ್ಲ ಕೆಂಪು ಮೆತ್ತಿಕೊಂಡಿತು. ಅದೇ ಕೈಯಿಂದ ಅವರು ಗದ್ದ ಮುಟ್ಟಿಕೊಂಡರು. ಒಳಗಿನಿಂದ ಬಂದ ಅತ್ತೆ ಅವರ ಮುಖ ನೋಡಿ, ರಕ್ತವೆಂದು ತಿಳಿದು, "ಏನವ್ವ ಮಾಡ್ಬುಟ್ಟೆ" ಎಂದು ಅಲ್ಲೇ ಕೂತರು.

ಮಾವ ನಗಲು ಶುರುಮಾಡಿದರು. ಲಕ್ವ ಹೊಡೆದ ಮೇಲೆ ಅವರು ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ಸೊಟ್ಟ ಬಾಯಲ್ಲಿ, ಸದ್ದಿಲ್ಲದೆ, ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಅತ್ತೆಗೆ ಸಿಟ್ಟು ಬಂತು, ಆಮೇಲೆ ಅವರೂ ನಕ್ಕರು. ಅಂದಿನ ಗಡ್ಡವನ್ನು ಬರೀ ಸಾಬೂನಿನ ನೀರು ಹಚ್ಚಿ ಹೇಗೋ ಮುಗಿಸಿದೆ. ಅಂಗೈಯ ಕೆಂಪು ಮೂರು ದಿನ ಹೋಗಲಿಲ್ಲ.

ಸೋಮವಾರ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಮಾಡುವ ಫಿಟ್ಟರಿಗೆ ಇದನ್ನು ಹೇಳಿದೆ. ನಿವೃತ್ತಿಗೆ ಹತ್ತಿರವಾದ, ಕಡಿಮೆ ಮಾತಿನ ಮನುಷ್ಯ. ಅವರು ತಮ್ಮ ಪೆಟ್ಟಿಗೆಯಿಂದ ಎರಡು ಟ್ಯೂಬಿನ ಅಂಟನ್ನು ತೆಗೆದುಕೊಟ್ಟರು. ಎರಡನ್ನೂ ಸಮ ಸಮ ಬೆರೆಸಿ ಹಚ್ಚಿದರೆ ಕಲ್ಲಾಗುತ್ತದೆ, ಬಿಸಿನೀರಿಗೂ ಜಗ್ಗುವುದಿಲ್ಲ. ಆದರೆ ಹಳೆಯ ಅಂಟೆಲ್ಲ ಕೆರೆದು ತೆಗೆಯಬೇಕು, ಕೂದಲನ್ನು ಬಾಚಿ ಬರುವುದನ್ನೆಲ್ಲ ಮೊದಲೇ ಬರಿಸಿಬಿಡಬೇಕು, ಬುಡಕ್ಕೆ ದಾರ ಬಿಗಿಯಾಗಿ ಸುತ್ತಬೇಕು, ಎರಡು ದಿನ ಒಣಗಿಸಬೇಕು, ಕೂರಿಸಿದ ಮೇಲೆ ಒಂದು ದಿನ ಮುಟ್ಟಬಾರದು. ಇಷ್ಟನ್ನೂ ಅವರು ಬೆರಳು ಮಡಚಿ ಹೇಳಿ, ಕೊನೆಗೆ, "ಅವಸ್ರ ಮಾಡ್ಬುಟ್ರೆ ಮತ್ತೆ ನನ್ ಹತ್ರ ಬರ್ಬೇಡ ಕಣವ್ವ," ಎಂದರು.

ಅಕ್ಕನಿಗೆ ಫೋನು ಮಾಡಿ ಅರಗು ಕರಗಿದ ವಿಷಯ ಹೇಳಿದ್ದೆ. ಅವಳು ಹೋಗಿ ಸಾಹೇಬರಿಗೆ ಮುಟ್ಟಿಸಿದಳಂತೆ. ಬೊಂಬೆಯನ್ನು ಯಾರೂ ಕುದಿಯುವ ನೀರಿಗೆ ಹಾಕುವುದಿಲ್ಲವಲ್ಲ, ಗಡ್ಡ ಎಂದಾಗ ತಾನೇ ಯೋಚಿಸಬೇಕಿತ್ತು ಎಂದು ಅವರು ನೊಂದುಕೊಂಡರಂತೆ. ಹತ್ತು ದಿನದಲ್ಲಿ ಅಕ್ಕ ಬಂದಾಗ ಇನ್ನೊಂದು ಹಿಡಿ ತಂದಳು. ಅದೇ ಉಬ್ಬು, ಅದೇ ಮೂರು ಗೆರೆ, ಬಣ್ಣವಿಲ್ಲ. ಎಣ್ಣೆ ಉಜ್ಜಿದ ಬಿಳಿ ಮರ. ತೂತಿನ ಸುತ್ತ ಹಿತ್ತಾಳೆಯ ಒಂದು ಉಂಗುರ ಬಿಗಿದಿದ್ದರು, ಮರ ಸೀಳದಿರಲೆಂದು.

ಈ ಸಲ ನಾನು ಅವಸರ ಮಾಡಲಿಲ್ಲ. ಫ್ಯಾಕ್ಟರಿಯಿಂದ ಬಂದು, ಕೈಕಾಲು ತೊಳೆದು, ಜಗಲಿಯಲ್ಲಿ ಕೂತು ಕಟ್ಟಿನ ಬುಡವನ್ನು ಹಳೆಯ ಬ್ಲೇಡಿನಿಂದ ಕೆರೆದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿದೆ. ಬಾಚಿದಷ್ಟೂ ಬಂತು, ಆಮೇಲೆ ಬರುವುದು ನಿಂತಿತು. ಮಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ದಾರ ಸುತ್ತುವಾಗ ಒಂದು ತುದಿ ಹಿಡಿದುಕೊಳ್ಳಲು ಎಡಗೈ ಚಾಚಿದರು. ಕೊಟ್ಟೆ. ನಾನು ಸುತ್ತಿದೆ, ಅವರು ಎಳೆದು ಬಿಗಿ ಹಿಡಿದರು. ಹದಿನೇಳು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

ಬುಧವಾರ ಉಗುರು ಬೆಚ್ಚಗಿನ ನೀರು ಇಟ್ಟೆ. ಮಾವ ಬ್ರಷ್ಷು ಅದ್ದಿ, ಸಾಬೂನಿನ ಮೇಲೆ ತಿರುಗಿಸಿ, ತಮ್ಮ ಕೆನ್ನೆಗೆ ತಾವೇ ನೊರೆ ಹಚ್ಚಿದರು. ಎಡಗೈಗೆ ರೂಢಿಯಿಲ್ಲ. ಕಿವಿಗೆ, ಮೂಗಿಗೆ, ಅಂಗಿಯ ಕಾಲರಿಗೆ ಎಲ್ಲ ಕಡೆ ಹತ್ತಿತು. ಬಹಳ ಹೊತ್ತು ಹಿಡಿಯಿತು. ದೂರದಲ್ಲಿ ಬಸ್ಸಿನ ಹಾರನ್ನು ಕೇಳುತ್ತಿತ್ತು, ನಾನು ಅಲ್ಲಿಂದ ಕದಲಲಿಲ್ಲ. ಒಂದು ಕೂದಲು ಉದುರಿತು. ಅದು ತುಟಿಯ ಮೇಲೆ ಇತ್ತು. ಅವರು ಬ್ರಷ್ಷಿನ ಅಂಚಿನಿಂದಲೇ ಅದನ್ನು ಪಕ್ಕಕ್ಕೆ ತಳ್ಳಿ ಕೆಳಗೆ ಬೀಳಿಸಿದರು. ಆಮೇಲೆ ಕಣ್ಣು ತೆರೆದುಕೊಂಡೇ ಗದ್ದ ಮೇಲೆತ್ತಿದರು, ನಾನು ರೇಜರು ಹಿಡಿದೆ.

ಕನಕಪುರದಲ್ಲಿ ಅವರಿಗೆ ಕೈ ವ್ಯಾಯಾಮ ಹೇಳಿಕೊಡುವ ಹುಡುಗಿಗೆ ಆ ಬ್ರಷ್ಷನ್ನು ತೋರಿಸಿದೆ. ಇದನ್ನು ಯಾರು ಹೇಳಿಕೊಟ್ಟರು ಎಂದು ಅವಳು ಆಶ್ಚರ್ಯಪಟ್ಟಳು. ಹೀಗೆ ದಪ್ಪ ಹಿಡಿಯ ಚಮಚ, ಬಾಚಣಿಗೆ ಕೊಟ್ಟರೆ ಕೈ ಬೇಗ ಪಳಗುತ್ತದೆ ಎಂದಳು. ನಾನು ಮತ್ತೆ ಚನ್ನಪಟ್ಟಣಕ್ಕೆ ಹೋಗಿ ಸಾಹೇಬರ ಕೈಯಲ್ಲಿ ಎರಡನ್ನೂ ಮಾಡಿಸಿಕೊಂಡು ಬಂದೆ. ಚಮಚವನ್ನು ಮಾವ ಒಪ್ಪಲಿಲ್ಲ. ಎಡಗೈಯಲ್ಲಿ ಉಣ್ಣುವುದು ಅವರಿಗೆ ಇಂದಿಗೂ ಆಗದು, ಅತ್ತೆಯೇ ತಿನ್ನಿಸುತ್ತಾರೆ. ಬಾಚಣಿಗೆಯನ್ನು ಮಾತ್ರ ಸಂಜೆಯ ಹೊತ್ತು ಕೇಳಿ ತೆಗೆದುಕೊಳ್ಳುತ್ತಾರೆ.

ಆ ಹಳೆಯ ಕೂದಲು ಒಂದು ವರ್ಷ ಬಾಳಿತು. ಕೊನೆಕೊನೆಗೆ ಬುಡ ಗಟ್ಟಿಯಿದ್ದರೂ ಕೂದಲು ನಡುವೆಯೇ ಮುರಿದು ಬೀಳತೊಡಗಿತು. ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ನನ್ನ ಗಂಡ ತಂದಿದ್ದ ಪ್ಲಾಸ್ಟಿಕ್ ಬ್ರಷ್ಷು ಹಾಗೇ ಬಿದ್ದಿತ್ತು. ಅದರ ಕಟ್ಟನ್ನು ಬಿಡಿಸಿ ಸಾಹೇಬರ ಹಿಡಿಗೆ ಕೂರಿಸಿದೆ. ಮಾವ ಬೇಡ ಎನ್ನಲಿಲ್ಲ. ಹೊಸ ಕೂದಲು ಮೊದಲ ತಿಂಗಳು ಚುಚ್ಚುತ್ತದೆ ಎಂದು ಮುಖ ಕಿವುಚಿದರು, ಅಷ್ಟೆ.

ಮಾತು ಈಗ ಸ್ವಲ್ಪ ಸ್ವಲ್ಪ ಮರಳಿದೆ. ಒಂದೊಂದೇ ಶಬ್ದ, ತಡವರಿಸಿ. ಕಳೆದ ಭಾನುವಾರ ನನಗೆ ಜ್ವರ ಬಂದು ಏಳುವುದು ತಡವಾಯಿತು. ಹೊರಗೆ ಬಂದಾಗ ಬಿಸಿಲು ಜಗಲಿಯ ಮೇಲೆ ಬಂದಿತ್ತು. ಮಾವ ಕುರ್ಚಿಯಲ್ಲಿ ಕೂತಿದ್ದರು. ಮುಖಕ್ಕೆಲ್ಲ ನೊರೆ ಹಚ್ಚಿಕೊಂಡಿದ್ದರು, ಹಚ್ಚಿಕೊಂಡು ಬಹಳ ಹೊತ್ತಾಗಿತ್ತು. ನೊರೆ ಒಣಗಿ ಕೆನ್ನೆಯ ಮೇಲೆ ಬಿಳಿಯಾಗಿ ಬಿರಿದಿತ್ತು. ಅತ್ತೆ ತೋಟಕ್ಕೆ ಹೋಗಿದ್ದರು.

ಕರೆಯಬಾರದಿತ್ತೇ ಎಂದು ಕೇಳಿದೆ.

"ಮನಗಿದ್ದೆ... ನೀನು," ಎಂದರು.

ಬಟ್ಟೆಯನ್ನು ಬೆಚ್ಚಗಿನ ನೀರಿಗೆ ಅದ್ದಿ, ಹಿಂಡಿ, ಅವರ ಎಡಗೈಗೆ ಕೊಟ್ಟೆ. ಅವರು ಒಣಗಿದ ನೊರೆಯನ್ನು ನಿಧಾನವಾಗಿ ಒರೆಸಿಕೊಂಡು, ಬ್ರಷ್ಷು ತೆಗೆದುಕೊಂಡು ಮತ್ತೆ ಮೊದಲಿನಿಂದ ಹಚ್ಚತೊಡಗಿದರು. ನಾನು ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ.